ಜ್ವರ ಒಂದೇ, ಸೋಂಕು ಎರಡಾ? ಪದೇ ಪದೇ ಕೇಳುವ ಪ್ರಶ್ನೆಗಳು

ಜ್ವರದ ರೋಗಿಗೆ ಏಕಕಾಲಕ್ಕೆ ಎರಡು ಬ್ಯಾಕ್ಟೀರಿಯಾ ಸೋಂಕು ಇದೆಯಾ ಎಂದು ಪತ್ತೆ ಮಾಡುವುದರ ಬಗ್ಗೆ ರೋಗಿಗಳ ಮನೆಯವರು, ನರ್ಸ್‌ಗಳು, ವೈದ್ಯಕೀಯ ವಿದ್ಯಾರ್ಥಿಗಳು, ಹೊಸದಾಗಿ ವಾರ್ಡ್ ಡ್ಯೂಟಿಗೆ ಬಂದ ಡಾಕ್ಟರ್‌ಗಳು ಮಾತಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವುದನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಧಾಟಿಯಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳಬೇಕಾದದ್ದು ಆಮೇಲೆ.

## ಮೊದಲು ಕೇಳುವವು

ಒಂದೇ ಸಲ ಎರಡು ಬ್ಯಾಕ್ಟೀರಿಯಾ ಸೋಂಕು ಬರೋದು ನಿಜವಾಗ್ಲೂ ಉಂಟಾ?

ಉಂಟು. ಆದರೆ ಲ್ಯಾಬ್ ರಿಪೋರ್ಟುಗಳನ್ನು ನೋಡಿದರೆ ಅನಿಸುವಷ್ಟು ಜಾಸ್ತಿ ಇಲ್ಲ.

ಕೆಲವು ಸಲ ಎರಡೂ ಒಂದೇ ಜಾಗದಿಂದ ಬರುತ್ತವೆ. ಮಳೆಗಾಲದಲ್ಲಿ ಕೆಸರು ನೀರಿನಲ್ಲಿ ಓಡಾಡಿ, ಅದೇ ದಿನ ಪೊದೆ ಸವರಿದವರಿಗೆ ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿ ಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್ ತಗುಲಬಹುದು. ಪೊದೆಯಲ್ಲಿದ್ದ ಚಿಗ್ಗರ್ ಎಂಬ ಪುಟ್ಟ ನುಸಿಮರಿ ಕಚ್ಚಿ ಸ್ಕ್ರಬ್ ಟೈಫಸ್ ಕೂಡ ಬರಬಹುದು. ತಂಪು ದೇಶಗಳಲ್ಲಿ ಒಂದೇ ಉಣುಗು ಕಚ್ಚಿ ಲೈಮ್ ಕಾಯಿಲೆ ಮತ್ತು ಅನಾಪ್ಲಾಸ್ಮಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಸೋಂಕು ಎರಡನ್ನೂ ಅಂಟಿಸುತ್ತದೆ. ಇನ್ನು ಕೆಲವು ಸಲ ಮೊದಲ ಕಾಯಿಲೆಯೇ ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಆಸ್ಪತ್ರೆಯಲ್ಲಿ ಹಾಕಿದ ಮೂತ್ರದ ನಳಿಕೆ, ರಕ್ತನಾಳದ ಲೈನ್, ಆಂಟಿಬಯೋಟಿಕ್ ಆದಮೇಲೆ ಬರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಭೇದಿ, ಇವೆಲ್ಲ ಈ ಗುಂಪಿನವು. ಕರುಳು ತೂತಾದರಂತೂ ಒಳಗಿದ್ದ ಹತ್ತಾರು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೇ ಹೊಟ್ಟೆಗೆ ಸುರಿಯುತ್ತವೆ.

ರಿಪೋರ್ಟಲ್ಲಿ ಟೈಫಾಯ್ಡೂ ಪಾಸಿಟಿವ್, ಇಲಿ ಜ್ವರಾನೂ ಪಾಸಿಟಿವ್. ಎರಡೂ ಇದೆ ಅಂತ ತಾನೇ?

ಹಾಗಂತ ಹೇಳಕ್ಕಾಗಲ್ಲ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಂಥ ರಿಪೋರ್ಟುಗಳಲ್ಲಿ ಬಹುತೇಕ ನೋಡಿರುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಆಂಟಿಬಾಡಿಯನ್ನು. ಆಂಟಿಬಾಡಿ ಈಗಿನ ಕಾಯಿಲೆಯದ್ದೂ ಆಗಿರಬಹುದು, ಹಿಂದೆ ಬಂದು ಹೋದದ್ದೂ ಆಗಿರಬಹುದು. ಐಜಿಎಂ ಅಂದರೆ ಸೋಂಕಾದಾಗ ಮೊದಲು ಬರುವ ಬಗೆಯ ಆಂಟಿಬಾಡಿ. ಇಲಿ ಜ್ವರದ ಐಜಿಎಂ ಗುಣವಾದ ಮೇಲೂ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ, ಸ್ಕ್ರಬ್ ಟೈಫಸ್‌ನದ್ದೂ ಹಾಗೆಯೇ. ಈ ಕಾಯಿಲೆಗಳು ಸಾಮಾನ್ಯವಾಗಿರುವ ಕಡೆ, ಗೊತ್ತೇ ಆಗದ ಹಾಗೆ ಸಣ್ಣದಾಗಿ ಬಂದು ಹೋಗಿರುವವರು ಬಹಳ. ಇದರ ಮೇಲೆ ಅಡ್ಡ ಪ್ರತಿಕ್ರಿಯೆ ಬೇರೆ ಇದೆ: ಮಲೇರಿಯಾ, ಡೆಂಗಿ ಬಂದಾಗ ರೋಗನಿರೋಧಕ ವ್ಯವಸ್ಥೆ ಒಟ್ಟಾರೆ ಎಚ್ಚೆತ್ತು, ಸಂಬಂಧವೇ ಇಲ್ಲದ ಪರೀಕ್ಷೆಯೂ ಪಾಸಿಟಿವ್ ಆಗಬಹುದು.

ಅದಕ್ಕೇ ಪಾಸಿಟಿವ್ ಎಷ್ಟಿದೆ ಎಂದು ಎಣಿಸುವುದನ್ನು ಬಿಡಿ. ನಾನು ಯಾರಿಗೇ ಆದರೂ ಹೇಳುವುದು ಇಷ್ಟೇ: ಮೊದಲ ಕಾಯಿಲೆಯನ್ನು ನಿಜ ಅಂತಲೇ ಇಟ್ಟುಕೊಂಡು ನೋಡಿ, ಅದರಿಂದ ವಿವರಿಸಲಾಗದ್ದು ಏನಾದರೂ ಉಳಿಯುತ್ತಾ? ಉಳಿದರೆ ಎರಡನೆಯದನ್ನು ಹುಡುಕಬೇಕು. ಏನೂ ಉಳಿಯದಿದ್ದರೆ ಎರಡನೇ ಪಾಸಿಟಿವ್ ಮೇಲೆ ಅನುಮಾನ ಪಡಬೇಕು.

ಜ್ವರ ಏರೋದು ಇಳಿಯೋದು ನೋಡಿ ಯಾವ ಸೋಂಕು ಅಂತ ಹೇಳೋಕಾಗಲ್ವಾ?

ಹಳೇ ಪುಸ್ತಕಗಳಲ್ಲಿ ಚೆಂದದ ನಕ್ಷೆಗಳಿವೆ. ಟೈಫಾಯ್ಡ್ ಜ್ವರ ಮೆಟ್ಟಿಲು ಹತ್ತಿದಂತೆ ದಿನದಿನ ಏರುತ್ತದೆ, ಜ್ವರದ ಮಟ್ಟಕ್ಕೆ ಹೋಲಿಸಿದರೆ ನಾಡಿ ನಿಧಾನ ಇರುತ್ತದೆ, ಹೀಗೆ. ಈಗ ಆರು ಗಂಟೆಗೊಂದು ಪ್ಯಾರಾಸಿಟಮಾಲ್ ನುಂಗಿದ ರೋಗಿಯಲ್ಲಿ ಆ ನಕ್ಷೆ ಕಾಣುವುದೇ ಅಪರೂಪ. ಎರಡು ಸೋಂಕು ಸೇರಿದರೆ ಇನ್ನೂ ಕಲಸುಮೇಲೋಗರ. ಜ್ವರದ ಆಕಾರಕ್ಕಿಂತ ಜ್ವರದ ದಿನ ಮುಖ್ಯ. ಜ್ವರ ಶುರುವಾಗಿ ಇದು ಎಷ್ಟನೇ ದಿನ ಎಂಬುದನ್ನು ಸರಿಯಾಗಿ ಬರೆದಿಡಿ, ಮುಂದೆ ಪರೀಕ್ಷೆ ಆರಿಸುವಾಗ ಅದೇ ಕೈಹಿಡಿಯುತ್ತದೆ. ಇನ್ನೊಂದು ಮಾತು, ಒಮ್ಮೆ ಪೂರ್ತಿ ಇಳಿದು ಎರಡು ದಿನ ಚೆನ್ನಾಗಿದ್ದು ಮತ್ತೆ ಬಂದ ಜ್ವರವನ್ನು ಹೊಸ ಜ್ವರ ಎಂದೇ ಭಾವಿಸಿ ಮತ್ತೆ ಮೊದಲಿನಿಂದ ಪರೀಕ್ಷಿಸಬೇಕು.

ಎರಡು ಸೋಂಕಿನ ಸಾಧ್ಯತೆ ಯಾರಲ್ಲಿ ಜಾಸ್ತಿ?

ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಎಚ್‌ಐವಿ ಇರುವವರು, ಲಿವರ್ ಸಿರೋಸಿಸ್ ಆದವರು, ಕೀಮೋಥೆರಪಿಯಿಂದ ಬಿಳಿ ರಕ್ತಕಣ ಕುಸಿದವರು, ಐಸಿಯುನಲ್ಲಿ ನಳಿಕೆಗಳ ಜೊತೆ ಮಲಗಿರುವವರು. ಆರೋಗ್ಯವಾಗಿದ್ದ ಯುವಕನಿಗೆ ನಾಲ್ಕು ದಿನದ ಜ್ವರ ಇದ್ದರೆ ಒಂದೇ ಕಾರಣ ಹುಡುಕುವುದು ಸರಿ. ಈ ಪಟ್ಟಿಯಲ್ಲಿರುವವರಿಗೆ ಮಾತ್ರ ಒಂದು ಸಿಕ್ಕಿತು ಅಂತ ಹುಡುಕಾಟ ನಿಲ್ಲಿಸಬಾರದು. ವಯಸ್ಸಾದವರಲ್ಲಿ, ಸ್ಟೀರಾಯ್ಡ್ ಮೇಲಿರುವವರಲ್ಲಿ ಎರಡು ಸೋಂಕಿದ್ದರೂ ಜ್ವರವೇ ಜೋರಾಗಿ ಬರದೆ ಇರಬಹುದು. ಬರೀ ಗೊಂದಲ, ಊಟ ಬೇಡ ಅನ್ನುವುದು, ಹಾಸಿಗೆಯಿಂದ ಏಳದೆ ಇರುವುದು ಅಷ್ಟೇ ಕಾಣುತ್ತದೆ.

ರಿಪೋರ್ಟಿಗೆ ಕಾಯದೆ ಓಡಬೇಕಾದ್ದು ಯಾವಾಗ?

ಉಸಿರು ನಿಮಿಷಕ್ಕೆ 22 ಅಥವಾ ಹೆಚ್ಚು, ಮೇಲಿನ ಬಿಪಿ 100 ಅಥವಾ ಕಡಿಮೆ, ಮಾತು ಹಿಡಿತ ತಪ್ಪುವುದು ಅಥವಾ ಮಂಪರು. ಇವುಗಳಲ್ಲಿ ಎರಡಿದ್ದರೆ ಜೀವಕ್ಕೆ ಅಪಾಯ ಇದೆ ಎಂದು ತಿಳಿಯಬೇಕು. ಒಂದೇ ಇದ್ದರೂ ಮನೆಯಲ್ಲಿ ಕೂತು ನೋಡುವ ವಿಷಯ ಅಲ್ಲ. ಮೂತ್ರ ನಿಂತುಹೋಗುವುದು, ಕಣ್ಣು ಹಳದಿಯಾಗುವುದು, ಕುತ್ತಿಗೆ ಬಗ್ಗದಿರುವುದು, ಫಿಟ್ಸ್, ರಕ್ತಸ್ರಾವ, ಒತ್ತಿದರೂ ಮಾಯವಾಗದ ನೇರಳೆ ಚುಕ್ಕೆ ಕಂಡರೂ ಅಷ್ಟೇ. ಈ ಅಂಕಿಗಳು ದೊಡ್ಡವರಿಗೆ, ಮಕ್ಕಳ ಲೆಕ್ಕ ಬೇರೆ. ಸೋಂಕು ಅಂಗಾಂಗಗಳನ್ನೇ ಕೆಡಿಸುವ ಸ್ಥಿತಿಯಾದ ಸೆಪ್ಸಿಸ್‌ನಿಂದ ಬಿಪಿ ಕುಸಿದಿದ್ದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು ಎನ್ನುತ್ತದೆ 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ. ಸೋಂಕು ಒಂದಾ ಎರಡಾ ಎಂಬ ಚರ್ಚೆ ಆಮೇಲೆ ಮಾಡಬಹುದು.

## ಪರೀಕ್ಷೆಗಳ ಬಗ್ಗೆ

ಬ್ಲಡ್ ಕಲ್ಚರ್‌ಗೆ ಯಾಕೆ ಅಷ್ಟೊಂದು ರಕ್ತ ತೆಗೀತಾರೆ, ಅದೂ ಎರಡೆರಡು ಕಡೆಯಿಂದ?

ಬ್ಲಡ್ ಕಲ್ಚರ್ ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆ. ದೊಡ್ಡವರ ರಕ್ತದಲ್ಲಿ ಬ್ಯಾಕ್ಟೀರಿಯಾ ತುಂಬಾ ತೆಳುವಾಗಿ ಹರಡಿರುತ್ತವೆ, ಎಷ್ಟೋ ಸಲ ಒಂದು ಮಿಲಿಲೀಟರಿಗೆ ಒಂದೂ ಸಿಗುವುದಿಲ್ಲ. ಹಾಗಾಗಿ ಒಂದು ಬಾಟಲಿಗೆ 8ರಿಂದ 10 ಮಿಲಿಲೀಟರ್, ಆಮ್ಲಜನಕ ಇರುವ ಮತ್ತು ಇಲ್ಲದ ಎರಡು ಬಾಟಲಿ ಸೇರಿ ಒಂದು ಸೆಟ್, ಬೇರೆ ಬೇರೆ ಕಡೆ ಚುಚ್ಚಿ ಕನಿಷ್ಠ ಎರಡು ಸೆಟ್. ಒಂದೇ ಸೆಟ್ ಕಳಿಸಿದರೆ ರಕ್ತದಲ್ಲಿರುವ ಸೋಂಕುಗಳಲ್ಲಿ ಸರಿಸುಮಾರು ಮೂರನೇ ಒಂದು ಭಾಗದವರೆಗೂ ತಪ್ಪಿಹೋಗಬಹುದು.

ಎರಡು ಕಡೆಯಿಂದ ತೆಗೆಯುವುದಕ್ಕೆ ಇನ್ನೂ ಒಂದು ಕಾರಣ ಇದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೂಜಿಯ ಜೊತೆ ಬಾಟಲಿ ಸೇರಿದರೆ ಅದು ಸಾಮಾನ್ಯವಾಗಿ ಒಂದೇ ಸೆಟ್‌ನಲ್ಲಿ ಬೆಳೆಯುತ್ತದೆ. ಎರಡೂ ಕಡೆ ಅದೇ ಬೆಳೆದರೆ ರಕ್ತದಲ್ಲೇ ಇದೆ ಅನ್ನುವ ಧೈರ್ಯ ಬರುತ್ತದೆ. ಎರಡು ಸೋಂಕು ಇದೆಯಾ ಎಂದು ತೀರ್ಮಾನಿಸುವಾಗ ಈ ಎರಡನೇ ಸೆಟ್ ಇಲ್ಲದೆ ಹೋದರೆ ಸುಮ್ನೆ ಊಹೆ ಮಾಡುತ್ತಾ ಕೂರಬೇಕಾಗುತ್ತದೆ.

ಬ್ಲಡ್ ಕಲ್ಚರ್ ನೆಗೆಟಿವ್ ಬಂದಿದೆ. ಹಾಗಾದ್ರೆ ಬ್ಯಾಕ್ಟೀರಿಯಾ ಇಲ್ಲ ಅಂತಾಯ್ತಲ್ವಾ?

ಇಲ್ಲ. ಸ್ಕ್ರಬ್ ಟೈಫಸ್ ತರುವ ಓರಿಯೆಂಟಿಯಾ ಜೀವಕೋಶದ ಒಳಗೆ ಮಾತ್ರ ಬೆಳೆಯುತ್ತದೆ, ಕಲ್ಚರ್ ಬಾಟಲಿಯಲ್ಲಿ ಬೆಳೆಯುವುದೇ ಇಲ್ಲ. ಲೆಪ್ಟೋಸ್ಪೈರಾಗೆ ಬೇರೆಯೇ ಮಾಧ್ಯಮ ಬೇಕು, ವಾರಗಳು ಹಿಡಿಯುತ್ತದೆ. ಟೈಫಾಯ್ಡ್ ಬಾಟಲಿಯಲ್ಲಿ ಬೆಳೆಯುತ್ತದೆ, ಆದರೂ ಸರಿಸುಮಾರು 10ರಲ್ಲಿ 6 ರೋಗಿಗಳಲ್ಲಿ ಮಾತ್ರ ಸಿಗುತ್ತದೆ. ಅಸ್ಥಿಮಜ್ಜೆಯ ಕಲ್ಚರ್‌ನಲ್ಲಿ ಸಿಗುವ ಪ್ರಮಾಣ ಇನ್ನೂ ಹೆಚ್ಚು, ಆದರೆ ಅದನ್ನು ಎಲ್ಲರಿಗೂ ಮಾಡುವುದಿಲ್ಲ. ಕ್ಷಯದ ಬ್ಯಾಕ್ಟೀರಿಯಾ ಈ ಮಾಮೂಲಿ ಬಾಟಲಿಗೆ ಸಿಗುವುದಿಲ್ಲ. ಅಂದರೆ ಟೈಫಾಯ್ಡ್ ಮತ್ತು ಸ್ಕ್ರಬ್ ಟೈಫಸ್ ಎರಡೂ ಇರುವ ರೋಗಿಯಲ್ಲಿ ಕಲ್ಚರ್ ಟೈಫಾಯ್ಡನ್ನು ಮಾತ್ರ ತೋರಿಸುತ್ತದೆ, ಇನ್ನೊಂದರ ಬಗ್ಗೆ ಚಕಾರ ಎತ್ತುವುದಿಲ್ಲ. ಎರಡನೆಯದನ್ನು ಹುಡುಕುವುದು ಅಂದರೆ ಅದಕ್ಕೇ ಹೊಂದುವ ಪರೀಕ್ಷೆಯನ್ನು ಬೇರೆ ಕೇಳುವುದು.

ಒಂದು ಡೋಸ್ ಆಂಟಿಬಯೋಟಿಕ್ ಆಗ್ಲೇ ಹೋಗಿದೆ. ಈಗ ಕಲ್ಚರ್ ಮಾಡಿಸಿ ಏನು ಪ್ರಯೋಜನ?

ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ ನಿಜ, ಆದರೆ ಪೂರ್ತಿ ವ್ಯರ್ಥ ಅಲ್ಲ. ಕೊಟ್ಟ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದಿದ್ದರೆ ಅದೇ ಬೆಳೆಯುತ್ತದೆ, ಎರಡು ಸೋಂಕಿದ್ದಾಗ ನಮಗೆ ಬೇಕಾದ್ದು ಎಷ್ಟೋ ಸಲ ಅದೇ. ಕೀವು ಕಟ್ಟಿದ್ದರೆ ಆ ಕೀವನ್ನೇ ತೆಗೆದು ಕಳಿಸಿ. ಹತ್ತಿಕಡ್ಡಿಯಲ್ಲಿ ಒರೆಸಿದ್ದಕ್ಕಿಂತ ಸಿರಿಂಜಿನಲ್ಲಿ ಎಳೆದ ಕೀವು ಎಷ್ಟೋ ವಾಸಿ. ಮೆದುಳುಪೊರೆಯ ಸೋಂಕಿನ ಅನುಮಾನ ಇದ್ದು ಬೆನ್ನಿನ ನೀರು ತೆಗೆಯಲು ತಡವಾಗುತ್ತದೆ ಅನ್ನಿಸಿದರೆ, ರಕ್ತ ಕಳಿಸಿ ಔಷಧಿ ಕೊಟ್ಟುಬಿಡಬೇಕು, ಆಮೇಲೆ ತೆಗೆದ ನೀರಿನಲ್ಲೂ ಜೀವಕೋಶದ ಎಣಿಕೆ, ಸಕ್ಕರೆ, ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಸಹಾಯಕ್ಕೆ ಬರುತ್ತವೆ.

ವಿಡಾಲ್, ವೈಲ್-ಫೆಲಿಕ್ಸ್ ಎರಡೂ ಮಾಡ್ಸಿದ್ವಿ. ಅಷ್ಟು ಸಾಲದಾ?

ಟೈಫಾಯ್ಡ್‌ಗೆ ಮಾಡುವ ವಿಡಾಲ್ ಪರೀಕ್ಷೆ 1896ರದ್ದು, ಸ್ಕ್ರಬ್ ಟೈಫಸ್‌ಗೆ ಮಾಡುವ ವೈಲ್-ಫೆಲಿಕ್ಸ್ 1916ರದ್ದು. ಬೇರೆ ಏನೂ ಇಲ್ಲದ ಕಾಲದಲ್ಲಿ ದೊಡ್ಡ ಉಪಕಾರ ಮಾಡಿದವು. ಒಂದೇ ಸಲ ಮಾಡಿದ ವಿಡಾಲ್ ಮೇಲೆ ಇವತ್ತು ನನಗೆ ಅಷ್ಟಾಗಿ ನಂಬಿಕೆ ಇಲ್ಲ: ಹಳೆಯ ಸೋಂಕು, ಕೆಲವು ಲಸಿಕೆ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾದ ಬೇರೆ ಜಾತಿಗಳು, ಮಲೇರಿಯಾ, ಎಲ್ಲಕ್ಕೂ ಏರುತ್ತದೆ. ಮೊದಲ ವಾರದಲ್ಲಿ ಟೈಫಾಯ್ಡ್ ಇದ್ದರೂ ಏರದೆ ಇರುತ್ತದೆ. ವೈಲ್-ಫೆಲಿಕ್ಸ್ ನೋಡುವುದು ಪ್ರೋಟಿಯಸ್ ಎಂಬ ಬೇರೆಯೇ ಬ್ಯಾಕ್ಟೀರಿಯಾದ ಜೊತೆಗಿನ ಹೋಲಿಕೆಯನ್ನು, ಹಾಗಾಗಿ ಪ್ರೋಟಿಯಸ್‌ನಿಂದ ಮೂತ್ರದ ಸೋಂಕು ಆದವರಲ್ಲೂ ಪಾಸಿಟಿವ್ ಬರಬಹುದು. ಅಂದಹಾಗೆ ಈ ವೈಲ್ ಬೇರೆ, ಇಲಿ ಜ್ವರದ ತೀವ್ರ ರೂಪಕ್ಕೆ ಹೆಸರು ಕೊಟ್ಟ ವೈಲ್ ಬೇರೆ. ವಿದ್ಯಾರ್ಥಿಗಳು ಇಬ್ಬರನ್ನೂ ಒಬ್ಬರೇ ಅಂದುಕೊಳ್ಳುತ್ತಾರೆ.

ಈ ಎರಡು ಪರೀಕ್ಷೆ ಒಟ್ಟಿಗೆ ಪಾಸಿಟಿವ್ ಬಂದರೆ ಜೋಡಿ ಸೋಂಕು ಎಂದು ಬರೆಯಬೇಡಿ. ಕಲ್ಚರ್, ಐಜಿಎಂ ಅಳೆಯುವ ಎಲೈಸಾ, ಪಿಸಿಆರ್ ಇವುಗಳಲ್ಲಿ ಏನು ಸಿಗುತ್ತದೋ ಅದರತ್ತ ಹೋಗಿ.

ಯಾವ ದಿನಕ್ಕೆ ಯಾವ ಪರೀಕ್ಷೆ?

ಸರಳವಾಗಿ ಹೇಳಿದರೆ, ಮೊದಲ ವಾರ ಬ್ಯಾಕ್ಟೀರಿಯಾವನ್ನೇ ಹುಡುಕಿ, ಆಮೇಲೆ ಆಂಟಿಬಾಡಿ. ಟೈಫಾಯ್ಡ್‌ಗೆ ಮೊದಲ ವಾರ ರಕ್ತದ ಕಲ್ಚರ್‌ನಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಮಲದ ಕಲ್ಚರ್ ಆಮೇಲೆ. ಇಲಿ ಜ್ವರಕ್ಕೆ ಮೊದಲ ವಾರ ರಕ್ತದ ಪಿಸಿಆರ್, ನಂತರ ಮೂತ್ರದ ಪಿಸಿಆರ್. ಐಜಿಎಂ ಸಾಮಾನ್ಯವಾಗಿ 5ರಿಂದ 7ನೇ ದಿನದ ಹೊತ್ತಿಗೆ ಕಾಣುತ್ತದೆ. ಸ್ಕ್ರಬ್ ಟೈಫಸ್‌ನ ಐಜಿಎಂ ಕೂಡ ಮೊದಲ ಕೆಲವು ದಿನ ನೆಗೆಟಿವ್ ಇರಬಹುದು. ಮೂರನೇ ದಿನ ಐಜಿಎಂ ನೆಗೆಟಿವ್ ಬಂತು ಅಂತ ಆ ಕಾಯಿಲೆಯನ್ನೇ ಪಟ್ಟಿಯಿಂದ ಹೊಡೆದುಹಾಕಿ, ಆಮೇಲೆ ಒಂಬತ್ತನೇ ದಿನ ಮತ್ತೆ ಕೇಳದೆ ಇರುವುದು, ಎರಡನೇ ಸೋಂಕು ತಪ್ಪಿಹೋಗುವ ಅತಿ ಸಾಮಾನ್ಯ ದಾರಿ. ಮೊದಲ ದಿನದ ಸೀರಮ್ (ರಕ್ತದ ಮೇಲಿನ ತಿಳಿ) ಸ್ವಲ್ಪ ಎತ್ತಿಡಲು ಲ್ಯಾಬ್‌ಗೆ ಹೇಳಿ. ಎರಡು ವಾರದ ಮೇಲೆ ಇನ್ನೊಂದು ಸೀರಮ್ ಬಂದಾಗ ಎರಡನ್ನೂ ಜೊತೆಗಿಟ್ಟು ನೋಡಬಹುದು.

ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್ ತುಂಬಾ ಜಾಸ್ತಿ ಇದೆ. ಅಂದ್ರೆ ಎರಡು ಸೋಂಕು ಇರ್ಬೇಕು ಅಲ್ವಾ?

ಅವು ಉರಿಯೂತದ ಜೋರನ್ನು ಹೇಳುತ್ತವೆ, ಸೋಂಕಿನ ಸಂಖ್ಯೆಯನ್ನಲ್ಲ. ಬ್ಯಾಕ್ಟೀರಿಯಾ ಇಲ್ಲದ ತೀವ್ರ ಮಲೇರಿಯಾದಲ್ಲೂ ಪ್ರೊಕ್ಯಾಲ್ಸಿಟೋನಿನ್ ಏರುತ್ತದೆ. ಉಪಯೋಗ ಬೇರೆ ಕಡೆ ಇದೆ: ಚಿಕಿತ್ಸೆಯಲ್ಲಿ ಇಳಿಯುತ್ತಾ ಬಂದದ್ದು ಇದ್ದಕ್ಕಿದ್ದಂತೆ ಮತ್ತೆ ಏರಿದರೆ, ಹೊಸದೇನೋ ಸೇರಿಕೊಂಡಿದೆ ಎಂದು ಮತ್ತೊಮ್ಮೆ ಹುಡುಕಿ.

ಮೈಯೆಲ್ಲ ಬಟ್ಟೆ ಬಿಚ್ಚಿ ನೋಡೋದು ಈಗಿನ ಕಾಲದಲ್ಲೂ ಬೇಕಾ? ಪರೀಕ್ಷೆಗಳಿವೆಯಲ್ಲ.

ಬೇಕೇ ಬೇಕು. ಚಿಗ್ಗರ್ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯೂ ಅಷ್ಟಾಗಿ ಇಲ್ಲ, ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಇದನ್ನು ಎಸ್ಕಾರ್ ಅನ್ನುತ್ತಾರೆ. ತೊಡೆಸಂದು, ಕಂಕುಳು, ಸ್ತನದ ಕೆಳಗೆ, ಸೊಂಟದ ಪಟ್ಟಿಯ ಜಾಗ, ಕಿವಿಯ ಹಿಂದೆ, ತಲೆಗೂದಲ ಒಳಗೆ, ಜನನಾಂಗದ ಹತ್ತಿರ ಹುಡುಕಬೇಕು. ಒದ್ದೆ ಇರುವ ಮಡಿಕೆಯಲ್ಲಿ ಹಕ್ಕಳೆ ಉದುರಿ ಬರೀ ಹಳದಿ ಹುಣ್ಣಿನಂತೆ ಕಾಣುವುದುಂಟು. ಹತ್ತಿರದ ಗ್ರಂಥಿ ಊದಿರುತ್ತದೆ, ಅದನ್ನು ಮುಟ್ಟಿ ಹಿಂದಕ್ಕೆ ಹೋದರೆ ಹುಣ್ಣು ಸಿಗುತ್ತದೆ. ಹಕ್ಕಳೆಯ ಚೂರಿನಿಂದಲೇ ಪಿಸಿಆರ್ ಮಾಡಬಹುದು, ಹಳೆಯ ಆಂಟಿಬಾಡಿಯ ಗೊಂದಲವೇ ಇರುವುದಿಲ್ಲ. ಟೈಫಾಯ್ಡ್ ಕಲ್ಚರ್‌ನಲ್ಲಿ ಬೆಳೆದ ರೋಗಿಯ ತೊಡೆಸಂದಿನಲ್ಲಿ ಎಸ್ಕಾರ್ ಸಿಕ್ಕಿತು ಅನ್ನಿ, ಇದಕ್ಕಿಂತ ಗಟ್ಟಿಯಾದ ಜೋಡಿ ಸಾಕ್ಷಿ ಸಿಗುವುದು ಕಷ್ಟ. ಎಲ್ಲರಲ್ಲೂ ಎಸ್ಕಾರ್ ಇರುವುದಿಲ್ಲ, ಆದರೆ ನೋಡದವರಿಗೆ ಯಾರಲ್ಲೂ ಕಾಣುವುದಿಲ್ಲ.

ಮೂತ್ರದ ಕಲ್ಚರ್ ಪಾಸಿಟಿವ್ ಬಂದಿದೆ. ಜ್ವರಕ್ಕೆ ಅದೂ ಒಂದು ಕಾರಣ ಅಂತ ಬರ್ಕೊಳ್ಲಾ?

ಅವಸರ ಬೇಡ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವ ಹೆಂಗಸರಲ್ಲಿ, ನಳಿಕೆ ಹಾಕಿಕೊಂಡವರಲ್ಲಿ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸುಮ್ಮನೆ ನೆಲೆಸಿರುತ್ತವೆ, ಜ್ವರಕ್ಕೂ ಅವಕ್ಕೂ ಸಂಬಂಧ ಇರುವುದಿಲ್ಲ. ಉರಿ, ಪಕ್ಕೆನೋವು, ಮೂತ್ರದಲ್ಲಿ ಕೀವುಕಣ ಇದ್ದರೆ ಮಾತು ಬೇರೆ. ಮೂರೋ ಹೆಚ್ಚೋ ಬಗೆ ಬೆಳೆದಿದ್ದರೆ ಮಾದರಿ ಹಿಡಿಯುವಾಗ ಕಲಬೆರಕೆ ಆಗಿರುವುದೇ ಹೆಚ್ಚು. ಮೂತ್ರದಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಬೆಳೆದರೆ ಮಾತ್ರ ಎದ್ದು ಕೂರಬೇಕು, ಅದು ರಕ್ತದಿಂದ ಇಳಿದು ಬಂದಿರಬಹುದು. ಕೂಡಲೇ ಬ್ಲಡ್ ಕಲ್ಚರ್ ಕಳಿಸಿ.

## ಇನ್ನೂ ಒಳಗೆ ಹೋದರೆ

ಒಂದೇ ಬ್ಲಡ್ ಕಲ್ಚರ್‌ನಲ್ಲಿ ಎರಡು ಬ್ಯಾಕ್ಟೀರಿಯಾ ಬೆಳೆದಿದೆ ಅಂತಾರೆ. ನಿಜಾನಾ, ಕಲಬೆರಕೆನಾ?

ಬಾಟಲಿ ಮಷೀನಿನಲ್ಲಿ ಪಾಸಿಟಿವ್ ಎಂದು ಮಿನುಗಿದ ಮೇಲೆ ಮೊದಲು ಮಾಡುವುದು ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ ಗ್ರಾಂ ಬಣ್ಣ ಹಾಕುವುದು. ಗೊಂಚಲು ಗೊಂಚಲಾದ ನೇರಳೆ ಗುಂಡುಗಳ ನಡುವೆ ಅಲ್ಲೊಂದು ಇಲ್ಲೊಂದು ಗುಲಾಬಿ ಕಡ್ಡಿ ಕಂಡರೆ ಆಗಲೇ ಗೊತ್ತಾಗುತ್ತದೆ, ಇಲ್ಲಿ ಇಬ್ಬರಿದ್ದಾರೆ ಅಂತ. ಎರಡೂ ಗುಲಾಬಿ ಕಡ್ಡಿಗಳೇ ಆಗಿದ್ದರೆ ಗಾಜಿನ ಮೇಲೆ ಬೇರೆ ಮಾಡುವುದು ಕಷ್ಟ. ಮಾರನೇ ದಿನ ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕ್‌ಕಾಂಕಿ ಪ್ಲೇಟಿನಲ್ಲಿ ಗುಲಾಬಿ ಕಾಲನಿಗಳ ಪಕ್ಕ ಬಣ್ಣವಿಲ್ಲದ ಕಾಲನಿ ಎದ್ದಾಗ ಗೊತ್ತಾಗುತ್ತದೆ. ಇಲ್ಲಿ ಒಂದು ಅಪಾಯ ಇದೆ: ಬೇಗ ಬೆಳೆಯುವುದು ನಿಧಾನದ್ದನ್ನು ಮುಚ್ಚಿಹಾಕುತ್ತದೆ, ಮತ್ತು ಪಾಸಿಟಿವ್ ಬಾಟಲಿಯ ದ್ರವವನ್ನೇ ನೇರವಾಗಿ ಬ್ಯಾಕ್ಟೀರಿಯಾ ಗುರುತಿಸುವ ಮಾಲ್ಡಿ-ಟಾಫ್ ಯಂತ್ರಕ್ಕೆ ಹಾಕಿದರೆ ಹೆಚ್ಚು ಇರುವುದರ ಹೆಸರನ್ನಷ್ಟೇ ಹೇಳಿ ಸುಮ್ಮನಾಗಬಹುದು. ಅದಕ್ಕೇ ಗ್ರಾಂ ಬಣ್ಣದಲ್ಲಿ ಕಂಡದ್ದಕ್ಕೂ ಪ್ಲೇಟಿನಲ್ಲಿ ಬೆಳೆದದ್ದಕ್ಕೂ ತಾಳೆ ಆಗುತ್ತಾ ಎಂದು ನೋಡಲೇಬೇಕು. ತಾಳೆ ಆಗದಿದ್ದರೆ ಲ್ಯಾಬ್‌ಗೆ ಫೋನ್ ಮಾಡಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಯಾವುದು ನಿಜ ಎಂಬುದು ಯಾರು ಬೆಳೆದಿದ್ದಾರೆ ಎಂಬುದರ ಮೇಲಿದೆ. ಕೋಯಾಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೋಕಾಕಸ್, ಕೊರಿನಿಬ್ಯಾಕ್ಟೀರಿಯಂ, ಕ್ಯುಟಿಬ್ಯಾಕ್ಟೀರಿಯಂ ಒಂದೇ ಬಾಟಲಿಯಲ್ಲಿ ತಡವಾಗಿ ಬಂದರೆ ಬಹುತೇಕ ಚರ್ಮದ್ದು. ಸ್ಟ್ಯಾಫ್ ಆರಿಯಸ್, ಇ. ಕೋಲೈ, ಸಾಲ್ಮೊನೆಲ್ಲಾ, ನ್ಯೂಮೋಕಾಕಸ್ ಒಂದೇ ಬಾಟಲಿಯಲ್ಲಿ ಬಂದರೂ ನಿಜ ಎಂದೇ ತಿಳಿಯಿರಿ.

ಇ. ಕೋಲೈ, ಎಂಟರೋಕಾಕಸ್, ಜೊತೆಗೆ ಬ್ಯಾಕ್ಟೀರಾಯ್ಡಿಸ್‌ನಂಥ ಆಮ್ಲಜನಕ ಬೇಡದ್ದು, ಇವು ಒಟ್ಟಿಗೆ ಬಂದರೆ ಹೆಸರುಗಳನ್ನು ಓದುತ್ತಾ ಕೂರಬೇಡಿ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಕರುಳು ತೂತಾಗಿದೆ, ಪಿತ್ತನಾಳ ಕಟ್ಟಿದೆ, ಇಲ್ಲವೇ ಒಳಗೆ ಕೀವು ನಿಂತಿದೆ. ಅಲ್ಲಿ ಬ್ಯಾಕ್ಟೀರಿಯಾ ಹಲವು, ಕಾಯಿಲೆ ಒಂದೇ.

ಲೈನ್ ಹಾಕಿರೋ ರೋಗಿ. ಹೊಸ ಜ್ವರ ಲೈನಿಂದ ಬಂತಾ ಅಂತ ಹೇಗೆ ಗೊತ್ತಾಗುತ್ತೆ?

ಲೈನಿನಿಂದ ಒಂದು, ಕೈಯ ನಾಳದಿಂದ ಒಂದು, ಒಂದೇ ಹೊತ್ತಿಗೆ, ಒಂದೇ ಪ್ರಮಾಣದ ರಕ್ತ ಕಳಿಸಿ. ಎರಡರಲ್ಲೂ ಅದೇ ಬ್ಯಾಕ್ಟೀರಿಯಾ ಬೆಳೆದು, ಲೈನಿನ ಬಾಟಲಿ ಕನಿಷ್ಠ 2 ಗಂಟೆ ಮೊದಲು ಪಾಸಿಟಿವ್ ಆದರೆ ಮೂಲ ಲೈನೇ. ನ್ಯುಮೋನಿಯಾಕ್ಕೆ ದಾಖಲಾದವರಲ್ಲಿ ಆರನೇ ದಿನ ಜ್ವರ ಮರಳಿದಾಗ ಈ ಸುಲಭದ ಪರೀಕ್ಷೆ ನೆನಪಾಗುವುದೇ ಇಲ್ಲ, ಎಲ್ಲರೂ ಶ್ವಾಸಕೋಶದ ಎಕ್ಸ್‌ರೇ ನೋಡುತ್ತಾ ನಿಂತಿರುತ್ತಾರೆ.

ಔಷಧಿ ಶುರುವಾಗಿ ಮೂರು ದಿನ ಆಯ್ತು, ಜ್ವರ ಇಳಿದಿಲ್ಲ. ಎರಡನೇ ಸೋಂಕು ಇದೆ ಅಂತ ಅಂದ್ಕೊಳ್ಲಾ?

ಯಾವ ಕಾಯಿಲೆಗೆ ಯಾವ ಔಷಧಿ ಎಂಬುದರ ಮೇಲಿದೆ. ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಬಿಡುತ್ತದೆ. ಬಿಡದಿದ್ದರೆ ರೋಗನಿರ್ಣಯ ತಪ್ಪಿರಬಹುದು ಅಥವಾ ಜೊತೆಗೆ ಇನ್ನೊಂದಿರಬಹುದು, ಪ್ರಶ್ನೆ ಕೇಳಲೇಬೇಕು. ಟೈಫಾಯ್ಡ್ ಹಾಗಲ್ಲ. ಸರಿಯಾದ ಔಷಧಿ ಹೋಗುತ್ತಿದ್ದರೂ 4ರಿಂದ 6 ದಿನ ಜ್ವರ ಇರುವುದು ಮಾಮೂಲು, ಮೂರನೇ ದಿನಕ್ಕೇ ಗಾಬರಿಯಾಗಿ ಔಷಧಿ ಬದಲಿಸುವುದು ಬೇಡ. ಕಿಡ್ನಿಯ ಸೋಂಕು 72 ಗಂಟೆ ದಾಟಿದರೂ ಬಗ್ಗದಿದ್ದರೆ ಕೀವು ಅಥವಾ ಕಲ್ಲಿನ ಅಡ್ಡಿ ಇದೆಯಾ ಎಂದು ಸ್ಕ್ಯಾನ್ ನೋಡಿ. ಇಲಿ ಜ್ವರದಲ್ಲಿ ಮೊದಲ ಡೋಸ್ ಆದ ಕೆಲವೇ ಗಂಟೆಗಳಲ್ಲಿ ಚಳಿ ಬಂದು ಜ್ವರ ಏರುವುದುಂಟು, ಸಾಯುವ ಬ್ಯಾಕ್ಟೀರಿಯಾಗಳಿಂದ ಆಗುವ ಪ್ರತಿಕ್ರಿಯೆ ಅದು. ಅದನ್ನು ಹೊಸ ಸೋಂಕು ಅಂದುಕೊಳ್ಳಬಾರದು.

ಎರಡನೇ ಸೋಂಕು ಎನ್ನುವ ಮೊದಲು ಬೇರೆ ಕಾರಣಗಳನ್ನೂ ನೋಡಿ: ಡೋಸ್ ಸಾಕಾಗದಿರುವುದು, ಔಷಧಿಗೆ ಬಗ್ಗದ ತಳಿ, ಹೊರಹಾಕದ ಕೀವು, ಇಂಜೆಕ್ಷನ್ ಜಾಗದ ನಾಳ ಊತ, ಔಷಧಿಯಿಂದಲೇ ಬರುವ ಜ್ವರ. ಕೊನೆಯದ್ದರಲ್ಲಿ ಎಷ್ಟೋ ಸಲ ರೋಗಿ ಆರಾಮವಾಗಿ ಕೂತು ಮಾತಾಡುತ್ತಿರುತ್ತಾನೆ, ಥರ್ಮಾಮೀಟರ್ ಮಾತ್ರ 39 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ.

ಲಿವರ್, ಕಿಡ್ನಿ, ಪ್ಲೇಟ್‌ಲೆಟ್ ರಿಪೋರ್ಟಿಂದ ಎರಡನೆಯದರ ಸುಳಿವು ಸಿಗುತ್ತಾ?

ಸಿಗುತ್ತದೆ, ಹೊಂದದ ಅಂಕಿ ಎಲ್ಲಿದೆ ಎಂದು ನೋಡಿದರೆ. ಸ್ಕ್ರಬ್ ಟೈಫಸ್‌ನಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಲಿವರ್ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ ಮಧ್ಯಮ ಏರುತ್ತವೆ, ಕಾಮಾಲೆ ತೋರಿಸುವ ಬಿಲಿರುಬಿನ್ ಅಷ್ಟಾಗಿ ಏರುವುದಿಲ್ಲ. ತೀವ್ರ ಇಲಿ ಜ್ವರದಲ್ಲಿ ಬಿಲಿರುಬಿನ್ ಎಷ್ಟೋ ಪಟ್ಟು ಏರಿರುತ್ತದೆ ಆದರೆ ಎಎಸ್‌ಟಿ, ಎಎಲ್‌ಟಿ ಸ್ವಲ್ಪವೇ. ಜೊತೆಗೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಜಾಸ್ತಿ, ಪೊಟ್ಯಾಸಿಯಂ ಕಡಿಮೆ, ಸ್ನಾಯುವಿನ ಕಿಣ್ವ ಸಿಪಿಕೆ ಜಾಸ್ತಿ, ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೀವಿಲ್ಲದೆ ಕೆಂಪು. ಟೈಫಾಯ್ಡ್‌ನಲ್ಲಿ ಬಿಳಿ ರಕ್ತಕಣ ಸಾಮಾನ್ಯ ಅಥವಾ ಕಡಿಮೆ.

ಈಗ ಎಸ್ಕಾರ್ ಇರುವ ರೋಗಿಯಲ್ಲಿ ಬಿಲಿರುಬಿನ್ 9, ಎಎಲ್‌ಟಿ 80, ಕಣ್ಣು ಕೆಂಪು ಎಂದರೆ ಇಲಿ ಜ್ವರದ ಪರೀಕ್ಷೆ ಕೇಳದೆ ಬಿಡಬೇಡಿ. ಕಲ್ಚರ್‌ನಲ್ಲಿ ಟೈಫಾಯ್ಡ್ ಸಿಕ್ಕ ರೋಗಿಯ ಬಿಳಿ ರಕ್ತಕಣ ಮೂರನೇ ವಾರದಲ್ಲಿ 18,000ಕ್ಕೆ ಹಾರಿದರೆ ಮೊದಲು ಹೊಟ್ಟೆ ಮುಟ್ಟಿ ನೋಡಿ, ಕರುಳು ತೂತಾಗಿರಬಹುದು. ಈ ಚಿತ್ರಗಳು ಒಂದರ ಮೇಲೊಂದು ಬರುತ್ತವೆ, ಹಾಗಾಗಿ ಇವು ದಿಕ್ಕು ತೋರಿಸುತ್ತವೆ ಅಷ್ಟೇ, ತೀರ್ಪು ಕೊಡುವುದಿಲ್ಲ.

ಲಿವರ್‌ನಲ್ಲೂ ಕೀವು, ಶ್ವಾಸಕೋಶದಲ್ಲೂ ಮಚ್ಚೆ. ಎರಡು ಜಾಗ ಅಂದ್ರೆ ಎರಡು ಸೋಂಕು ತಾನೇ?

ಇಲ್ಲಿ ಉಲ್ಟಾ ಯೋಚಿಸಿ. ಜಾಗ ಹಲವಾದಾಗ ರಕ್ತದಲ್ಲಿ ಓಡಾಡುವ ಒಂದೇ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯೇ ಹೆಚ್ಚು. ಸ್ಟ್ಯಾಫ್ ಆರಿಯಸ್ ಹೃದಯದ ಕವಾಟ, ಬೆನ್ನುಮೂಳೆ, ಶ್ವಾಸಕೋಶ ಎಲ್ಲ ಕಡೆ ಕೂರುತ್ತದೆ. ಸಕ್ಕರೆ ಕಾಯಿಲೆ ಇದ್ದು ಮಣ್ಣು ನೀರಿನ ಒಡನಾಟ ಇರುವವರಲ್ಲಿ ಮೆಲಿಯಾಯ್ಡೋಸಿಸ್ ಲಿವರ್, ಗುಲ್ಮ, ಶ್ವಾಸಕೋಶ, ಗಂಡಸರಲ್ಲಿ ಪ್ರಾಸ್ಟೇಟ್ ಸೇರಿ ಕೀವು ಕಟ್ಟಿಸುತ್ತದೆ. ಅದನ್ನು ತರುವ ಬರ್ಕ್‌ಹೋಲ್ಡೇರಿಯಾ ಸೂಡೋಮಲೈಯನ್ನು ಅನುಭವ ಇಲ್ಲದ ಲ್ಯಾಬ್ ಯಾವುದೋ ಸೂಡೋಮೊನಾಸ್, ಕಲಬೆರಕೆ ಎಂದು ಬದಿಗಿಡುವುದುಂಟು. ಹಾಗಾಗಿ ಇಂಥ ರೋಗಿಯ ರಿಪೋರ್ಟಿನಲ್ಲಿ ಸೂಡೋಮೊನಾಸ್ ಜಾತಿ ಎಂದಷ್ಟೇ ಇದ್ದರೆ ಮತ್ತೊಮ್ಮೆ ಗುರುತಿಸಲು ಹೇಳಿ.

ಎರಡಕ್ಕೂ ಆಗೋ ಹಾಗೆ ಔಷಧಿ ಕೊಟ್ಟುಬಿಟ್ರೆ ಈ ತಲೆನೋವೇ ಇರಲ್ವಲ್ಲ?

ರೋಗಿ ಕುಸಿಯುತ್ತಿದ್ದರೆ ಹಾಗೇ ಮಾಡಬೇಕು, ಮಾಡುತ್ತಾರೆ ಕೂಡ. ಸೆಫ್ಟ್ರಿಯಾಕ್ಸೋನ್ ಇಲಿ ಜ್ವರಕ್ಕೆ ಆಗುತ್ತದೆ, ನಿರೋಧ ಬೆಳೆಸಿಕೊಳ್ಳದ ಟೈಫಾಯ್ಡ್‌ಗೂ ಆಗುತ್ತದೆ, ಆದರೆ ಸ್ಕ್ರಬ್ ಟೈಫಸ್‌ಗೆ ಏನೂ ಮಾಡುವುದಿಲ್ಲ. ಅದಕ್ಕೇ ಕಾರಣ ತಿಳಿಯದ ತೀವ್ರ ಜ್ವರದಲ್ಲಿ ಜೊತೆಗೆ ಡಾಕ್ಸಿಸೈಕ್ಲಿನ್ ಸೇರಿಸುವ ರೂಢಿ. ತೊಂದರೆ ಶುರುವಾಗುವುದು ಆಮೇಲೆ. ಕಲ್ಚರ್ ಕಳಿಸದೆ ಶುರುಮಾಡಿದರೆ ಯಾವುದನ್ನು ನಿಲ್ಲಿಸಬೇಕು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಲಿವೊಫ್ಲಾಕ್ಸಾಸಿನ್‌ನಂಥ ಔಷಧಿ ಕ್ಷಯದ ಮೇಲೂ ಸ್ವಲ್ಪ ಕೆಲಸ ಮಾಡುತ್ತದೆ. ಕೆಮ್ಮು, ತೂಕ ಇಳಿಕೆ ಇರುವ ರೋಗಿಗೆ ಅದನ್ನು ಕೊಟ್ಟರೆ ಎರಡು ವಾರ ಹಾಯೆನಿಸಿ ಕ್ಷಯ ಪತ್ತೆಯಾಗುವುದು ತಡವಾಗುತ್ತದೆ. 48ರಿಂದ 72 ಗಂಟೆಗೆ ಕೂತು ರಿಪೋರ್ಟ್ ನೋಡಿ ಬೇಡದ್ದನ್ನು ತೆಗೆಯುವುದಾದರೆ ಮಾತ್ರ ಅಗಲ ಬಲೆ ಬೀಸುವುದು ಒಪ್ಪುವಂಥದ್ದು.

ಮಲ್ಟಿಪ್ಲೆಕ್ಸ್ ಪಿಸಿಆರ್ ಪ್ಯಾನೆಲ್ ಒಂದೇ ಸಲಕ್ಕೆ ಎಲ್ಲ ಹೇಳುತ್ತಂತಲ್ಲ?

ಪಟ್ಟಿಯಲ್ಲಿ ಇರುವುದನ್ನು ಮಾತ್ರ. ಪಾಸಿಟಿವ್ ಬಾಟಲಿಗೆ ಮಾಡುವ ಸಾಮಾನ್ಯ ಪ್ಯಾನೆಲ್‌ಗಳಲ್ಲಿ ಓರಿಯೆಂಟಿಯಾ, ಲೆಪ್ಟೋಸ್ಪೈರಾ ಇರುವುದಿಲ್ಲ. ಮಿಶ್ರ ಬೆಳೆ ಬೇಗ ಹಿಡಿಯಲು ಒಳ್ಳೆಯದು. ಆದರೆ ಕಫದ ಪ್ಯಾನೆಲ್ ಗಂಟಲಲ್ಲಿ ಸುಮ್ಮನೆ ಇರುವ ಬ್ಯಾಕ್ಟೀರಿಯಾವನ್ನೂ, ಔಷಧಿಯಿಂದ ಆಗಲೇ ಸತ್ತವನ್ನೂ ಎತ್ತಿ ತೋರಿಸುತ್ತದೆ. ಕಫ ಕಳಿಸುವುದೇ ಆದರೆ ಮೊದಲು ಸ್ಲೈಡ್ ನೋಡಲಿ: ಕಡಿಮೆ ವರ್ಧನೆಯಲ್ಲಿ ಒಂದು ನೋಟಕ್ಕೆ ಕೀವುಕಣ 25ಕ್ಕಿಂತ ಹೆಚ್ಚು, ಬಾಯಿಯ ಚರ್ಮಕೋಶ 10ಕ್ಕಿಂತ ಕಡಿಮೆ ಇದ್ದರೆ ಅದು ಕಫ, ಇಲ್ಲದಿದ್ದರೆ ಎಂಜಲು.

ಮಲೇರಿಯಾ ಅಥವಾ ಫ್ಲೂ ಖಚಿತ ಆಗಿದೆ. ಬ್ಯಾಕ್ಟೀರಿಯಾ ಹುಡುಕೋದು ಯಾಕೆ?

ಎರಡೂ ಬ್ಯಾಕ್ಟೀರಿಯಾಗೆ ಬಾಗಿಲು ತೆರೆಯುತ್ತವೆ. ಮಲೇರಿಯಾದಲ್ಲಿ ಕೆಂಪು ಕಣಗಳು ಒಡೆದು ಬಿಳಿ ಕಣಗಳ ಶಕ್ತಿ ಕುಂದುವುದರಿಂದ, ಮುಖ್ಯವಾಗಿ ಮಕ್ಕಳಲ್ಲಿ, ಟೈಫಾಯ್ಡ್ ಅಲ್ಲದ ಸಾಲ್ಮೊನೆಲ್ಲಾ ರಕ್ತಕ್ಕೆ ನುಗ್ಗುತ್ತದೆ. 1918ರ ಫ್ಲೂನಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಅದರ ಹಿಂದೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಎಂದು ಉಳಿಸಿಟ್ಟ ಶ್ವಾಸಕೋಶದ ತುಣುಕುಗಳನ್ನು ಮತ್ತೆ ನೋಡಿದವರು ಹೇಳಿದ್ದಾರೆ. ಫ್ಲೂ ಇಳಿದು ಒಂದೆರಡು ದಿನಕ್ಕೆ ಮತ್ತೆ ಜ್ವರ, ಬಣ್ಣದ ಕಫ, ಉಸಿರಾಟದ ತೊಂದರೆ ಬಂದರೆ ನ್ಯೂಮೋಕಾಕಸ್, ಸ್ಟ್ಯಾಫ್ ಆರಿಯಸ್ ಮನಸ್ಸಿಗೆ ಬರಬೇಕು.

ಕೊನೆಗೆ, ಎರಡು ಸೋಂಕು ಇತ್ತು ಅಂತ ಕೇಸ್ ಶೀಟಲ್ಲಿ ಬರೆಯೋದು ಯಾವಾಗ?

ಪ್ರತಿಯೊಂದೂ ತನ್ನ ಕಾಲ ಮೇಲೆ ನಿಂತಾಗ. ಅಂದರೆ ಒಂದನ್ನು ತೆಗೆದುಹಾಕಿದರೂ ಇನ್ನೊಂದಕ್ಕೆ ಸಾಕ್ಷಿ ಉಳಿಯಬೇಕು. ಕಲ್ಚರ್‌ನಲ್ಲಿ ಬೆಳೆದದ್ದು, ಪಿಸಿಆರ್‌ನಲ್ಲಿ ಸಿಕ್ಕಿದ್ದು, ಅಥವಾ ಎರಡು ವಾರದ ಅಂತರದ ಎರಡು ಸೀರಮ್‌ನಲ್ಲಿ ಆಂಟಿಬಾಡಿ ನಾಲ್ಕು ಪಟ್ಟು ಏರಿದ್ದು, ಇವು ಖಚಿತ ಸಾಕ್ಷಿ. ಒಂದೇ ಸಲದ ಐಜಿಎಂ ಇದ್ದು ಜೊತೆಗೆ ಹೊಂದುವ ಲಕ್ಷಣ, ಹೊಂದುವ ಓಡಾಟದ ಹಿನ್ನೆಲೆ ಇದ್ದರೆ ಸಂಭಾವ್ಯ ಎಂದು ಬರೆಯಿರಿ. ಬರೀ ಐಜಿಎಂ ಇದ್ದರೆ ಐಜಿಎಂ ಪಾಸಿಟಿವ್ ಎಂದಷ್ಟೇ ಬರೆಯಿರಿ, ಕಾಯಿಲೆಯ ಹೆಸರು ಬೇಡ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎರಡನೇ ಸೀರಮ್ ಕೊಡಬೇಕಾದ ತಾರೀಕನ್ನು ದೊಡ್ಡ ಅಕ್ಷರದಲ್ಲಿ ಹಾಕಿ. ಜ್ವರ ಬಿಟ್ಟ ಮೇಲೆ ರಕ್ತ ಕೊಡಲು ಯಾರೂ ವಾಪಸ್ ಬರುವುದಿಲ್ಲ, ಅರ್ಧದಷ್ಟು ಜೋಡಿ ಸೋಂಕುಗಳು ಅನುಮಾನದಲ್ಲೇ ಉಳಿಯಲು ಅದೇ ಕಾರಣ ಅಂತ ನನಗನಿಸುತ್ತದೆ.